ಪೂಜೆಗೆ ಕುಳಿತ ಮೂರು ಪೆಟ್ಟಿಗೆಗಳು

ಇನ್ನೂರು ಮೂಟೆ ಮೆಣಸು. ಮುದ್ದಿಸೆಟ್ಟಿ ಬಿಸಿಲು ಮಳೆ ಎನ್ನದೆ ಜೀವಮಾನವೆಲ್ಲ ದುಡಿದದ್ದು ಅಷ್ಟೇ. ಅದಷ್ಟೂ ರಾಜರ ಉಗ್ರಾಣದಲ್ಲಿ ಹಡಗಿಗಾಗಿ ಕಾಯುತ್ತಿತ್ತು.

ಕಡಲಂಚಿನ ರಾಜ್ಯ ಅದು, ಹೆಸರು ಅಳಿವೆಪುರ. ವರ್ತಕರೆಲ್ಲ ಮೆಣಸು ಇಡುತ್ತಿದ್ದದ್ದು ಅದೊಂದೇ ಉಗ್ರಾಣದಲ್ಲಿ. ಮೂಟೆಯ ಮೇಲೆ ಹೆಸರು ಬರೆದರೆ ಉಪ್ಪುಗಾಳಿಗೆ ಅಳಿಸಿಹೋಗುತ್ತಿತ್ತು. ಹಾಗಾಗಿ ಯಾವ ಅಂಕಣದಲ್ಲಿ ಯಾರದು ಎಷ್ಟು ಎಂದು ಗೆರೆ ಎಳೆದು, ಮನೆ ಹಾಕಿ ಬರೆದ ಕೋಷ್ಟಕಗಳೇ ಎಲ್ಲರ ಜೀವ. ಅಸಲು ಉಗ್ರಾಣದಲ್ಲಿ. ನಕಲು ಬೆಟ್ಟದ ಕೋಟೆಯಲ್ಲಿ, ಅರಗಿನ ಮುದ್ರೆ ಒತ್ತಿದ ಮೂರು ಪೆಟ್ಟಿಗೆಗಳಲ್ಲಿ. ವರ್ಷವರ್ಷವೂ ಹೊಸ ನಕಲು ಮಾಡಿಸಿಡಲು ತಿಮ್ಮರಸನೆಂಬ ಅಧಿಕಾರಿ. ಅದಕ್ಕೆ ಅವನಿಗೆ ಒಂದು ಹಳ್ಳಿಯೇ ಉಂಬಳಿ.

ಆಯುಧಪೂಜೆಯ ದಿನ ಅರಮನೆಯ ಅಂಗಳಕ್ಕೆ ಇಳಿಸಿದ ಆ ಪೆಟ್ಟಿಗೆಗಳಿಗೆ ಅರಿಸಿನ, ಕುಂಕುಮ, ಹೂವಿನ ಹಾರ. ಎಲ್ಲರೂ ಕೈಮುಗಿಯುತ್ತಿದ್ದರು. ಯಾರೂ ತೆರೆಯುತ್ತಿರಲಿಲ್ಲ.

ಆ ಸಲ ಸೆಟ್ಟಿ ಕೇಳಿಯೇಬಿಟ್ಟ. "ಒಳಗಿರೋದನ್ನ ಯಾರಾದರೂ ಓದಿ ನೋಡಿದ್ದಾರಾ?"

ತಿಮ್ಮರಸ ನಕ್ಕ. "ಎತ್ತಿ ನೋಡಿ ಸೆಟ್ಟರೇ, ನಾಲ್ಕು ಆಳು ಬೇಕು."

"ಭಾರ ಕೇಳಲಿಲ್ಲ. ಓದಿದ್ದಾರಾ?"

"ಮುದ್ರೆ ನೋಡಿ. ಒಂದು ಬಿರುಕಾದರೂ ಇದೆಯಾ?"

"ಮುದ್ರೆ ಕೇಳಲಿಲ್ಲ. ಓದಿದ್ದಾರಾ?"

"ಪೂಜೆಗಿಟ್ಟದ್ದನ್ನೂ ಅನುಮಾನಿಸ್ತೀರಲ್ಲ. ಮೆಣಸು ತೂಗಿ ತೂಗಿ ನಿಮ್ಮ ಮನಸ್ಸೂ ತಕ್ಕಡಿ ಆಗಿದೆ."

"ಹೌದು ಸ್ವಾಮಿ. ಖಾಲಿ ತಟ್ಟೆ ಯಾವುದು ಅಂತ ತಕ್ಕಡಿಗೆ ಗೊತ್ತಾಗುತ್ತೆ," ಎಂದ ಸೆಟ್ಟಿ ನೇರ ರಾಜನ ಬಳಿ ಹೋದ.

"ಪ್ರಭು, ಒಂದು ದಿನ ಅಸಲು ನಿಮ್ಮ ಬೀಗದಲ್ಲಿರಲಿ. ಕಳೆದೇಹೋಯಿತು ಅಂದುಕೊಳ್ಳೋಣ. ನಕಲು ನೋಡಿಯೇ ಮೆಣಸು ಹಂಚಲಿ. ಎಲ್ಲರದೂ ಸರಿಯಾಗಿ ಸಿಕ್ಕರೆ ನನ್ನ ಇನ್ನೂರು ಮೂಟೆ ಬೊಕ್ಕಸಕ್ಕೆ. ಸಿಗದಿದ್ದರೆ ಆ ಉಂಬಳಿ ಹಳ್ಳಿ ಬೊಕ್ಕಸಕ್ಕೆ."

ಹೇಗೆ ಬಿದ್ದರೂ ಲಾಭ ತನಗೇ. ರಾಜ ಒಪ್ಪಿದ.

ಮನೆಯಲ್ಲಿ ಹೆಂಡತಿ ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟಳು. "ತಲೆ ಕೆಟ್ಟಿದೆಯೇನ್ರೀ? ನಕಲು ಸರಿಯಿದ್ದರೆ ಬೀದಿಗೆ ಬೀಳ್ತೀವಿ."

"ಸರಿಯಿಲ್ಲದೆ ಸುಮ್ಮನಿದ್ದರೂ ಒಂದು ದಿನ ಬೀಳ್ತೀವಿ ಕಣೇ, ಊರಿನ ಜೊತೆಗೇ. ಸಾರು ಹಾಕು."

ತಿಮ್ಮರಸ ಅರಮನೆಗೆ ಓಡಿಬಂದ. "ಮುದ್ರೆ ಒಡೆಯೋಕೆ ದಿನ ಚೆನ್ನಾಗಿಲ್ಲ ಪ್ರಭು. ಹುಣ್ಣಿಮೆವರೆಗೆ ತಡೆಯಿರಿ."

"ಆಗಲಿ, ನೀವು ಹೇಳಿದ ದಿನವೇ," ಎಂದ ಸೆಟ್ಟಿ. "ಅಲ್ಲಿವರೆಗೆ ಪೆಟ್ಟಿಗೆಗಳು ಅರಮನೆಯ ಅಂಗಳದಲ್ಲೇ ಇರಲಿ. ಊರವರೆಲ್ಲ ಪೂಜೆ ಮಾಡಲಿ."

ತಿಮ್ಮರಸನ ಮುಖ ಬಾಡಿತು. ಸಿಕ್ಕ ದಿನಗಳಲ್ಲಿ ಒಳಗೆ ಏನಾದರೂ ತುರುಕೋಣ ಎಂದಿದ್ದ.

ಹುಣ್ಣಿಮೆ ಬಂತು. ಮೊದಲ ಪೆಟ್ಟಿಗೆ ತೆರೆದರು. ಗೆದ್ದಲು, ಮಣ್ಣು. ಎರಡನೆಯದು ತೆರೆದರು. ಮೊದಲ ಹಾಳೆಯಲ್ಲಿ ಮುತ್ತಿನಂಥ ಅಕ್ಷರ, ಮಿಕ್ಕದ್ದೆಲ್ಲ ಖಾಲಿ. ಮೂರನೆಯದು ತೆರೆದರು. ಪೂರ್ತಿ ಬರೆದಿತ್ತು. ತಿಮ್ಮರಸ ಉಸಿರುಬಿಟ್ಟ. "ಓದಿಸಿ," ಎಂದ ಸೆಟ್ಟಿ.

ಕರಣಿಕ ಓದಿದ: "ಮೊದಲನೇ ಅಂಕಣ, ಬೊಮ್ಮಿಸೆಟ್ಟಿ, ನಲವತ್ತು ಮೂಟೆ."

ಯಾರೂ ಮುಂದೆ ಬರಲಿಲ್ಲ. ಕೊನೆಗೊಬ್ಬ ಹೇಳಿದ: "ಅವರು ನಮ್ಮ ತಾತ. ತೀರಿಕೊಂಡು ಹನ್ನೆರಡು ವರ್ಷ ಆಯ್ತು. ಕರೆದರೆ ಬರೋದು ಕಷ್ಟ."

ಅಂಗಳವೆಲ್ಲ ನಕ್ಕಿತು. ರಾಜ ನಗಲಿಲ್ಲ. "ಈಗೇನು ಗತಿ ಸೆಟ್ಟರೇ?"

"ಗತಿ ಚೆನ್ನಾಗೇ ಇದೆ ಪ್ರಭು. ಅಸಲು ನಿಮ್ಮ ಬೀಗದಲ್ಲೇ ಇದೆಯಲ್ಲ. ಇವತ್ತೇ ಬರೆಸೋಣ."

ಉಂಬಳಿ ಕಳಕೊಂಡ ತಿಮ್ಮರಸನೇ ಕೂತು ಬರೆಯಬೇಕಾಯಿತು. ಬರೆದದ್ದನ್ನು ಬೇರೆಯವರು ಓದಿದರು. ಆಮೇಲೆ ಅಸಲನ್ನು ಬದಿಗಿಟ್ಟು, ಬರೀ ನಕಲು ಹಿಡಿದು ಒಂದು ದಿನ ಉಗ್ರಾಣ ನಡೆಸಿದರು. ಸಿಕ್ಕ ಎರಡು ತಪ್ಪನ್ನು ತಿದ್ದಿ ಬೆಟ್ಟಕ್ಕೆ ಕಳಿಸಿದರು.

ಹಡಗು ಬರುವ ಮುಂಚೆಯೇ ಬಿರುಗಾಳಿ ಬಂತು. ಎತ್ತರದ ಜಗಲಿಯ ಮೇಲಿದ್ದ ಮೆಣಸು ಉಳಿಯಿತು. ಕೆಳಗಿನ ಲೆಕ್ಕದ ಕೋಣೆಗೆ ಕಡಲು ನುಗ್ಗಿ ಅಸಲು ಅಂಬಲಿಯಾಯಿತು. ಯಾರೂ ಎದೆ ಬಡಿದುಕೊಳ್ಳಲಿಲ್ಲ. ಹಡಗು ಬಂದ ದಿನ ಬೆಟ್ಟದಿಂದ ಪೆಟ್ಟಿಗೆ ಇಳಿಯಿತು, ಸಂಜೆಯೊಳಗೆ ಅವರವರ ಮೆಣಸು ಅವರವರ ಗಾಡಿ ಏರಿತು.

ನಕಲು ಇದೆ ಎಂದರೆ ಸಾಲದು. ಅಸಲು ಇಲ್ಲವೆಂದುಕೊಂಡು ಅದರಿಂದ ಕೆಲಸ ನಡೆಸಿ ನೋಡಬೇಕು. ಅಲ್ಲಿವರೆಗೆ ಅದು ಬರೀ ಪೆಟ್ಟಿಗೆ. ಅಳಿವೆಪುರದಲ್ಲಿ ಈಗಲೂ ಆಯುಧಪೂಜೆಯ ದಿನ ಮೊದಲು ನಕಲಿನ ಪರೀಕ್ಷೆ, ಆಮೇಲೆ ಹೂವಿನ ಹಾರ.

ಇನ್ನು ಆ ವರ್ಷದ ಲೆಕ್ಕ. ಬೊಕ್ಕಸಕ್ಕೆ ಒಂದು ಹಳ್ಳಿ. ವರ್ತಕರಿಗೆ ನಷ್ಟ, ಏನೂ ಇಲ್ಲ. ಮುದ್ದಿಸೆಟ್ಟಿಗೆ ಇನ್ನೂರು ಮೂಟೆ, ಇಟ್ಟಷ್ಟೇ.