ಸೇವಂತಿಗೆಯ ಮೇಲಿನ ದೀಪ

"ಗುರುಗಳೇ, ಮಗಳಿಗೆ ಸಂಗೀತ ಹೇಳಿಕೊಡುತ್ತಿದ್ದೇನೆ. ತಪ್ಪು ಸ್ವರ ನಾಲಿಗೆಗೆ ಅಂಟಿಬಿಟ್ಟೀತೆಂದು ಹೆದರಿ, ಅವಳು ಬಾಯಿ ತೆರೆದಾಗಲೆಲ್ಲ ಎದುರಿಗೇ ಕೂತಿರುತ್ತೇನೆ. ಮೂರು ವರ್ಷವಾಯಿತು. ಶ್ರುತಿ ತಪ್ಪುವುದಿಲ್ಲ, ತಾಳ ತಪ್ಪುವುದಿಲ್ಲ. ಹಾಡು ಮಾತ್ರ ಹುಟ್ಟುತ್ತಿಲ್ಲ. ಇನ್ನೇನು ಮಾಡಲಿ?" ಎಂದು ಶಿಷ್ಯನೊಬ್ಬ ಕೇಳಿದ.

"ಮಾಡಿದ್ದು ಸಾಲಲಿಲ್ಲವೇನಪ್ಪ?" ಎಂದು ಗುರು ನಕ್ಕು, ಈ ಕತೆ ಹೇಳಿದರು.

ಒಬ್ಬ ಹೆಂಗಸಿದ್ದಳು. ಮಗನಿಗೆ ಜ್ವರ ಬಂದು ಉಳಿಯುವುದೇ ಅನುಮಾನವಾದಾಗ ದೇವರಿಗೆ ಹರಕೆ ಹೊತ್ತಳು. ಮಗ ಬದುಕಿದರೆ, ತಾನೇ ಬೆಳೆಸಿದ ಸೇವಂತಿಗೆಯ ಮಾಲೆಯನ್ನು ಸಂಕ್ರಾಂತಿಯ ದಿನ ಒಪ್ಪಿಸುವುದಾಗಿ ಹೇಳಿಕೊಂಡಳು. ಮಗ ಬದುಕಿದ. ವರ್ಷ ವರ್ಷವೂ ಬುಡದಿಂದ ಚಿಗುರುವ ಸೇವಂತಿಗೆಯ ಮರಿಗಳನ್ನು ತವರಿನಿಂದ ತಂದು, ದಿನವಿಡೀ ಬಿಸಿಲು ಬೀಳುವ ಅಂಗಳದಲ್ಲಿ ನೆಟ್ಟಳು. ಹೆಚ್ಚಾದ ಒಂದನ್ನು ಪಕ್ಕದ ಮನೆಗೆ ಕೊಟ್ಟಳು.

ಗಿಡ ಸೊಂಪಾಗಿ ಬೆಳೆಯಿತು. ಆಗ ಅವಳಿಗೆ ಹೊಸ ಚಿಂತೆ ಹತ್ತಿತು. ನಸುಕಿಗೇ ಎದ್ದು, ಕಂಡವರ ಬೇಲಿಗೆ ಕೈ ಹಾಕಿ ತಮ್ಮ ದೇವರಿಗೆ ಹೂ ಕೊಯ್ಯುವ ಭಕ್ತರು ಆ ಬೀದಿಯಲ್ಲಿ ಬಹಳ. ಹರಕೆಯ ಹೂ ಅವರ ಪಾಲಾದರೆ ಮಗನ ಗತಿಯೇನು? ಗೌರಿ ಹಬ್ಬ ಕಳೆದದ್ದೇ ಗಿಡಗಳ ಮೇಲೆ ದೊಡ್ಡದೊಂದು ಬಲ್ಬು ಕಟ್ಟಿಸಿದಳು. ಸಂಜೆ ಹಚ್ಚಿದರೆ ಬೆಳಗಾದ ಮೇಲೆಯೇ ಆರಿಸುವಳು.

ದೀಪಾವಳಿ ಬಂತು. ಗೋಡೆಯಾಚೆ, ಪಕ್ಕದ ಮನೆಯ ಗಿಡದ ತುಂಬ ಮೊಗ್ಗು. ಇವಳ ಗಿಡದಲ್ಲಿ ಬರೀ ಎಲೆ. ಗೊಬ್ಬರ ಹಾಕಿದಳು, ಇನ್ನಷ್ಟು ಎಲೆ ಬಂತು. ದಿನಕ್ಕೆ ಹತ್ತು ಸಲ ಕುಡಿ ಬಿಡಿಸಿ ನೋಡುವಳು. ಮಗ ಒಮ್ಮೆ ಕೆಮ್ಮಿದರೂ ಓಡಿಹೋಗಿ ಹಣೆ ಮುಟ್ಟಿ ನೋಡುವಳು. ಕೊನೆಗೆ, ಹೂತೋಟದಲ್ಲಿ ದುಡಿದು ಹಣ್ಣಾದ ಮುದುಕನೊಬ್ಬನನ್ನು ಕರೆಸಿದಳು.

ಮುದುಕ ಗಿಡ ನೋಡಿದ. ಆಮೇಲೆ ಕತ್ತೆತ್ತಿ ಬಲ್ಬು ನೋಡಿದ.

"ಇದನ್ನ ಆರಿಸವ್ವ. ಈ ಗಿಡಕ್ಕೆ ಹಗಲು ಬಿಸಿಲು ಎಷ್ಟು ಬೇಕೋ, ರಾತ್ರಿ ಕತ್ತಲೂ ಅಷ್ಟೇ ಬೇಕು. ಕತ್ತಲು ಸಿಗದಿದ್ರೆ ಮೊಗ್ಗು ಕಟ್ಟಲ್ಲ."

"ಆರಿಸಿದ್ರೆ ಕಳ್ಳರು ಬರ್ತಾರಲ್ಲಪ್ಪ!"

"ಅವರು ಕದಿಯೋಕಾದ್ರೂ ಹೂ ಆಗಬೇಕಲ್ಲವ್ವ."

ಅವಳು ದೀಪ ಆರಿಸಿದಳು. ಆ ಕತ್ತಲೆಯನ್ನು ತಡೆದುಕೊಳ್ಳುವುದು ಅವಳಿಗೆ ಸುಲಭವಾಗಲಿಲ್ಲ. ಎಲೆ ಅಲ್ಲಾಡಿದರೂ ಕೈ ಸ್ವಿಚ್ಚಿನ ಕಡೆಗೇ ಹೋಗುತ್ತಿತ್ತು. ತಿಂಗಳು ಕಳೆಯುವುದರೊಳಗೆ ಮೊಗ್ಗು ಮೂಡಿತು. ಸಂಕ್ರಾಂತಿಯ ಬೆಳಿಗ್ಗೆ ನೋಡಿದರೆ, ಬೇಲಿಯ ಕಡೆಯ ಒಂದಿಷ್ಟು ಹೂವನ್ನು ಯಾರೋ ಕೊಯ್ದುಕೊಂಡು ಹೋಗಿದ್ದರು. ಉಳಿದ ಹೂಗಳಿಂದ ಕಟ್ಟಿದ ಮಾಲೆ ದೇವರ ಪಾದದವರೆಗೆ ಇಳಿಯಿತು.

ಗುರು ಕತೆ ಮುಗಿಸಿದರು. ಶಿಷ್ಯ ಗಡಬಡಿಸಿ ಎದ್ದ. "ಅಪ್ಪಣೆ ಕೊಡಿ ಗುರುಗಳೇ, ಹೊತ್ತಾಯಿತು. ಮನೆಯಲ್ಲಿ ಮಗಳೊಬ್ಬಳೇ ಇದ್ದಾಳೆ."

"ಇನ್ನೂ ಸ್ವಲ್ಪ ಹೊತ್ತು ಕೂತಿರು, ಈಗ ಅವಳು ಹಾಡುತ್ತಿರಬಹುದು" ಎಂದರು ಗುರು.