ಸಣ್ಣೀರನ ಪಾಲಿನ ಭಾನುವಾರ

ಒಬ್ಬಳು ತಾಯಿ. ಅವಳಿಗೊಬ್ಬ ಮಗ. ತಾಯಿಗೆ ತಲೆಯೊಳಗೆ ಬುದ್ಧಿ ಇತ್ತು, ಮಗನಿಗೆ ತಲೆಮೇಲೆ ಕೂದಲಿತ್ತು. ತಾಯಿ ಪುಟ್ಟಸಿದ್ದಮ್ಮ, ಮಗ ಸಣ್ಣೀರ. ಗಾಣದ ಸಂದಿಯಲ್ಲಿ ಮನೆ. ಸಣ್ಣೀರ ಹಿಟ್ಟಿನ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದ. ಹೇಳಿದ್ದು ಮಾಡುತ್ತಿದ್ದ. ಹೇಳಿದ ಹಾಗೇ ಮಾಡುತ್ತಿದ್ದ. ಅದೇ ತೊಂದರೆ.

ಒಂದು ಕೆಲಸ ಮಾತ್ರ ಯಾರೂ ಹೇಳದೆ ಮಾಡುತ್ತಿದ್ದ. ಐದು ವರ್ಷದ ಮಗಳು ಸೋಬಿಗೆ ದಿನಾ ಬೆಳಿಗ್ಗೆ ಎರಡು ಜಡೆ. ಆ ಜಡೆ ಸಂಜೆವರೆಗೂ ಒಂದೆಳೆಯೂ ಬಿಚ್ಚುತ್ತಿರಲಿಲ್ಲ.

ಹೆಂಡತಿ ಚಿಕ್ಕತಾಯಿ ಒಂದು ದಿನ ಸಿಟ್ಟಿನಲ್ಲಿ, "ಥೂ, ನಿನ್ ಮುಖ ನೋಡಕ್ಕಾಗಲ್ಲ!" ಅಂದಳು. ಸಣ್ಣೀರ ಮುಖಕ್ಕೆ ಹಿಟ್ಟಿನ ಚೀಲ ಹಾಕಿಕೊಂಡ. ನೆಂಟರು ಬಂದರು, ಚೀಲ ತೆಗೆಯಲಿಲ್ಲ. ಬೀದಿ ನಕ್ಕಿತು, ಚೀಲ ತೆಗೆಯಲಿಲ್ಲ. ಎಂಟು ದಿನ ತಾಳಿದಳು ಚಿಕ್ಕತಾಯಿ. ಒಂಬತ್ತನೇ ದಿನ ಮಗಳನ್ನು ಕರಕೊಂಡು ಹೋಗಿ ದೊಡ್ಡ ರಸ್ತೆಯಲ್ಲಿ ಬಾಡಿಗೆ ಮನೆ ಹಿಡಿದಳು. ವಿಚ್ಛೇದನ ಬೇಕು ಅಂತ ಕೋರ್ಟಿಗೆ ಹಾಕಿದಳು.

"ಅಯ್ಯೋ ನನ್ ಮಂಕು ಮಗನೇ! ಮಗೀನೂ ಹೋಯ್ತದೆ ಕಣೋ! ಲಾಯರಮ್ಮನ ತಾವ ಹೋಗು, ಅವರು ಹೇಳ್ದಂಗೆ ಕೇಳು!" ಅಂದಳು ಪುಟ್ಟಸಿದ್ದಮ್ಮ.

ಹೋದ. ಲಾಯರಮ್ಮ ಹೇಳಿದರು: "ನೋಡಯ್ಯ, ಕೋರ್ಟಲ್ಲಿ ನೀನು ಬಾಯಿ ಬಿಡಬೇಡ."

ಸಣ್ಣೀರ ಕೋರ್ಟಿನಲ್ಲಿ ಎರಡೂ ಕೈಯಲ್ಲಿ ಬಾಯಿ ಅಮುಕಿಕೊಂಡು ನಿಂತ.

"ಹೆಸರೇನಪ್ಪ?" ಜಡ್ಜ್ ಸಾಹೇಬರು ಕೇಳಿದರು. ಸುಮ್ಮನೆ.

"ಮೂಗನೇ?" ಸುಮ್ಮನೆ. ಸೀನು ಬಂತು, ಅದನ್ನೂ ನುಂಗಿದ. ಕಣ್ಣು ಕೆಂಪಾಯಿತು. ಕೇಸು ಮುಂದಕ್ಕೆ ಹೋಯಿತು.

"ಬಾಯಿ ಬಿಡಬೇಡ ಅಂದ್ರೆ ಬೇಡದ್ದು ಮಾತಾಡಬೇಡ ಅಂತ ಕಣಯ್ಯಾ!" ಲಾಯರಮ್ಮ ಹಣೆ ಚಚ್ಚಿಕೊಂಡರು. "ಇನ್ಮೇಲೆ ಸಾಹೇಬ್ರು ಕೇಳಿದ್ರೆ ಹೂಂ ಅಂತಾದ್ರೂ ಅನ್ನು!"

"ಹೂಂ."

ಮುಂದಿನ ಸಲ ಜಡ್ಜ್ ಸಾಹೇಬರು ಕೇಳಿದರು: "ವಿಚ್ಛೇದನಕ್ಕೆ ಒಪ್ಪಿಗೆಯೇನಪ್ಪ?"

"ಹೂಂ."

"ಯೋಚನೆ ಮಾಡಿ ಹೇಳ್ತಿದೀಯಾ?"

"ಹೂಂ."

"ಮಗು ತಾಯಿ ಹತ್ರ ಇರಲೇನು?"

"ಹೂಂ."

"ನಿನ್ನ ಹತ್ರ ಇಟ್ಕೋಬೇಕು ಅಂತ ಆಸೆ ಇಲ್ವೇನಯ್ಯ?"

"ಹೂಂ!" ಈ ಹೂಂ ಹೊಟ್ಟೆಯ ಒಳಗಿಂದ ಬಂತು. ಕೇಳುವವರಿಗೆ ಎಲ್ಲ ಹೂಂ ಒಂದೇ. ಚಿಕ್ಕತಾಯಿ ಮಾತ್ರ ಒಂದು ಸಲ ತಿರುಗಿ ನೋಡಿದಳು.

ತೀರ್ಪಾಯಿತು. ಮಗು ತಾಯಿ ಹತ್ತಿರ. ಭಾನುವಾರ ಹತ್ತರಿಂದ ಐದರವರೆಗೆ ತಂದೆ ಬಂದು ನೋಡಬಹುದು. ಮನೆ ಸಾಮಾನು ಇಬ್ಬರಿಗೂ ಸಮಪಾಲು.

"ಹೂಂ ಹೂಂ ಅಂದು ಮಗೂನೇ ಕಳ್ಕೊಂಡ್ಯಲ್ಲೋ!" ಲಾಯರಮ್ಮ ಕೂಗಿದರು. "ಸಾಮಾನಾದ್ರೂ ಸರಿಯಾಗಿ ಪಾಲು ಮಾಡು. ಅರ್ಧಕ್ಕರ್ಧ! ಎಳ್ಳಷ್ಟೂ ಹೆಚ್ಚುಕಮ್ಮಿ ಆಗಬಾರದು!"

ಸಣ್ಣೀರ ಗರಗಸ ತಂದ. ಮಂಚ ಕುಯ್ದ. ಒರಳು ತನಗೆ, ಗುಂಡುಕಲ್ಲು ಅವಳಿಗೆ. ಕಂಬಳಿ ಹರಿದ. ಬಾಂಡ್ಲಿ ನಡುಮಧ್ಯಕ್ಕೆ ಸೀಳಿದ. ಎಲ್ಲ ಮಿಲ್ಲಿನ ತಳ್ಳೋಗಾಡಿಗೆ ಹಾಕಿಕೊಂಡು ಚಿಕ್ಕತಾಯಿ ಬಾಗಿಲಿಗೆ ಹೋದ.

"ಅರ್ಧ ಮಂಚದಲ್ಲಿ ಹೆಂಗೋ ಮಲಗೋದು, ಮೂದೇವಿ?"

"ಅರ್ಧ ನಿದ್ದೆ ಮಾಡು."

ಲಾಯರಮ್ಮನಿಗೆ ಸುದ್ದಿ ಮುಟ್ಟಿತು. "ಕುಯ್ಯೋದಲ್ಲ ಕಣೋ ಪಾಲು ಅಂದ್ರೆ! ಅವಳದ್ದು ಯಾವುದೋ ಅದನ್ನ ಇಡಿಯಾಗಿ ಅವಳಿಗೆ ಕೊಡು. ಅವಳದ್ದು ಒಂದು ಚೂರೂ ನಿನ್ನ ಮನೇಲಿ ಇರಕೂಡದು!"

"ಸೋಬಿನ ನೋಡೋ ದಿನ, ಲಾಯರಮ್ಮೋರೇ?"

"ಭಾನುವಾರ ನಿಂದು. ಮಿಕ್ಕಿದ್ದೆಲ್ಲ ಅವಳದ್ದು."

ಸಣ್ಣೀರ ಮನೆಗೆ ಬಂದ. ಗೋಡೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು ತೂಗುತ್ತಿತ್ತು. ಕೂತು ಹರಿದ. ಸೋಮವಾರ ಅವಳದ್ದು. ಮಂಗಳವಾರ ಅವಳದ್ದು. ಬುಧವಾರ ಅವಳದ್ದು. ವರ್ಷದ ಕೊನೆವರೆಗೂ ಹರಿದ. ಅವಳ ದಿನಗಳನ್ನೆಲ್ಲ ದಾರದಲ್ಲಿ ಕಟ್ಟಿ, ಭಾನುವಾರ ಹೋದಾಗ ಚಿಕ್ಕತಾಯಿ ಕೈಗೆ ಕೊಟ್ಟ. "ತಗೋ, ನಿಂದು. ಇಡಿಯಾಗೈತೆ, ಎಣಿಸ್ಕೋ." ಸೋಬಿಗೆ ಎರಡು ಜಡೆ ಹಾಕಿ ಬಂದ.

ಮಾರನೆ ಬೆಳಿಗ್ಗೆ ಗೋಡೆ ನೋಡಿದ. ಭಾನುವಾರ. ಬಾಚಣಿಗೆ ಜೇಬಿಗೆ ಹಾಕಿಕೊಂಡು ಹೋದ.

"ಇವತ್ತು ಸೋಮವಾರ ಕಣೋ!" ಚಿಕ್ಕತಾಯಿ ಬಾಗಿಲಿಗೆ ಅಡ್ಡ ನಿಂತಳು.

"ಸೋಮವಾರ ನಿಮ್ಮನೇಲೈತೆ. ನಿನ್ನೆ ತಾನೇ ಕೊಟ್ನಲ್ಲ. ನಮ್ಮನೇಲಿ ಭಾನುವಾರ."

ಅದರ ಮಾರನೇ ದಿನ ಭಾನುವಾರ. ಅದರ ಮಾರನೇ ದಿನವೂ ಭಾನುವಾರ. ತಾಯಿ ಬೈದಳು, ಭಾನುವಾರ. ಬೀದಿ ನಕ್ಕಿತು, ಭಾನುವಾರ. ಲಾಯರಮ್ಮ ತಾವೇ ಚಿಕ್ಕತಾಯಿ ಬಾಗಿಲಿಗೆ ಬಂದರು.

"ತಪ್ಪಾಯ್ತು, ಇನ್ನು ವಾರಕ್ಕೊಂದೇ ಸಲ ಬರ್ತೀನಿ ಅನ್ನು!"

"ಊಹೂಂ."

"ಏನಂದೆ?"

"ಊಹೂಂ."

ಹುಟ್ಟಿದಂದಿನಿಂದ ಅವನ ಬಾಯಲ್ಲಿ ಬಂದ ಮೊದಲನೇ ಊಹೂಂ. ಲಾಯರಮ್ಮ ಕೊಡೆ ಮಡಿಸಿಕೊಂಡು ಹೊರಟುಹೋದರು.

ಒಳಗಿಂದ ಸೋಬಿ ಬಂದಳು. ಒಂದು ಕಡೆ ಜಡೆ, ಇನ್ನೊಂದು ಕಡೆ ಕೆದರಿದ ಕೂದಲು. ಚಿಕ್ಕತಾಯಿ ಎತ್ತಲೋ ನೋಡುತ್ತ ಅಂದಳು: "ಒಂದು ಜಡೆ ನಾನು ಹಾಕಿದೀನಿ. ಸಮಪಾಲು ಅಲ್ವಾ? ಇನ್ನೊಂದು ಹಾಕು. ಐದು ಗಂಟೆಗೆ ಜಾಗ ಖಾಲಿ ಮಾಡು."

ಐದು ಹೊಡೆಯಿತು. ಸಣ್ಣೀರ ಮಿಲ್ಲಿನ ತಳ್ಳೋಗಾಡಿ ತಂದು ಜಾಗ ಖಾಲಿ ಮಾಡಿದ. ಅರ್ಧ ಮಂಚ ಗಾಡಿಗೆ. ಗುಂಡುಕಲ್ಲು ಗಾಡಿಗೆ. ಒಲೆ, ಬಿಂದಿಗೆ, ದಾರ ಕಟ್ಟಿದ ದಿನಗಳು, ಎಲ್ಲ ಗಾಡಿಗೆ. ಮೇಲೆ ಸೋಬಿ, ಎರಡು ಜಡೆ. ಬಾಗಿಲಿಗೆ ಬಂದು ಒಳಗೆ ಇಣುಕಿದ. ಬರೀ ನೆಲದ ಮೇಲೆ ಚಿಕ್ಕತಾಯಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಇನ್ನೂ ಖಾಲಿ ಆಗಿಲ್ಲ," ಅಂದ.

"ಇನ್ನೇನೋ ಉಳಿದೈತೆ?"

"ನೀನು."

ಚಿಕ್ಕತಾಯಿ ಬೈದಳು. ಅವನ ವಂಶ ಬೈದಳು, ಮಿಲ್ಲು ಬೈದಳು, ಚೀಲ ಬೈದಳು. ಸಣ್ಣೀರ ಕದಲಲಿಲ್ಲ. ಖಾಲಿ ಆಗದೆ ಹೇಗೆ ಹೋಗುವುದು? ಬೈದು ಬೈದು ಅವಳಿಗೇ ನಗು ಬಂತು. ನಗು ನುಂಗಿಕೊಂಡು ಬಂದು ಅರ್ಧ ಮಂಚದ ಮೇಲೆ ಬೆನ್ನು ತಿರುಗಿಸಿ ಕೂತಳು.

"ತಳ್ಳು. ನಿಮ್ಮನೆ ತಂಕ ಬರ್ತೀನಿ ಅನ್ಕೋಬೇಡ. ನಿಮ್ಮ ಸಂದಿಗೆ ಗಾಡಿ ತಿರುಗಿದ ತಕ್ಷಣ ಇಳೀತೀನಿ!"

ಸಣ್ಣೀರ ತಳ್ಳಿದ. ದೊಡ್ಡ ರಸ್ತೆಯಲ್ಲಿ ನೆಟ್ಟಗೆ ತಳ್ಳಿದ. ಮಿಲ್ಲು ದಾಟಿತು, ಕೋರ್ಟು ದಾಟಿತು. ಗಾಣದ ಸಂದಿಯ ಬಾಯಲ್ಲಿ ಪುಟ್ಟಸಿದ್ದಮ್ಮ ನಿಂತಿದ್ದಳು. ಗಾಡಿ ಅವಳ ಮುಂದೆಯೇ ದಡದಡ ಹೋಯಿತು.

"ಲೋ! ಮನೆ ಇಲ್ಲೇ ಕಣೋ! ಗಾಡಿ ತಿರುಗ್ಸೋ!"

"ತಿರುಗ್ಸಲ್ಲ ಕಣವ್ವಾ!" ದೂರದಿಂದ ಸಣ್ಣೀರ ಕೂಗಿದ. "ತಿರುಗ್ಸಿದ್ರೆ ಇಳೀತಾಳಂತೆ!"