ಚಕ್ರದ ನೆತ್ತಿಯ ನಿಂಬೆಹಣ್ಣು

ನಂಬದಿದ್ದರೆ ಬಿಡಿ, ನಮ್ಮೂರ ಮೆಕ್ಯಾನಿಕ್ಕನಂಥ ಗಟ್ಟಿಗ ಸುತ್ತ ಏಳು ಹೋಬಳಿಯಲ್ಲಿಲ್ಲ!

ಬೋರಲಿಂಗೇಗೌಡರ ಕಾರಿನ ಮುಂದಿನ ಎಡಚಕ್ರವನ್ನು ಹಿಡಿದಿಡುವ ಬಾಲ್ ಜಾಯಿಂಟ್ ಸವೆದಿತ್ತು. ಘಾಟಿಯಲ್ಲಿ ಕಳಚಿದರೆ ಕಾರು ಪ್ರಪಾತಕ್ಕೇ. ರಿಪೇರಿ ಆಗದೆ ಕಾರು ಬಿಡಲ್ಲ ಅಂದ ಮೆಕ್ಯಾನಿಕ್ಕ. ಗೌಡರು ಕೇಳಬೇಕಲ್ಲ!

"ಹೊರಡೋ ಮುಹೂರ್ತ ಮೀರುತ್ತೆ. ಕಾರು ಬಿಡ್ತೀಯೋ, ನನ್ನ ಶೆಡ್ಡು ಬಿಡ್ತೀಯೋ?" ಎಂದು ಶೆಡ್ಡಿನ ಬೀಗ ಕಸಿದುಕೊಂಡರು.

ಮೆಕ್ಯಾನಿಕ್ಕ ಕಾರಿನತ್ತ ತಿರುಗಿದ. ಒಳಗೆ ಗೌಡರ ತಾಯಿ ಕಂಡರು. ಹೊರಡುವಾಗ ಚಕ್ರದಡಿ ಇಡಲು ನಿಂಬೆಹಣ್ಣು ಹಿಡಿದು ಕೂತಿದ್ದರು.

"ಅವ್ವಾ, ಹಣ್ಣು ಕೊಡಿ. ಶಕುನ ನೋಡೇಬಿಡೋಣ. ಉರುಳಿದ್ರೆ ಅಪಶಕುನ."

ಜಾಕ್ ಏರಿಸಿ, ಮೊದಲು ಬಲಚಕ್ರದ ನೆತ್ತಿಯ ಮೇಲೆ ಹಣ್ಣಿಟ್ಟ. "ಗೌಡ್ರೇ, ಮೇಲೂ ಕೆಳಗೂ ಹಿಡಿದು ನೀವೇ ಅಲ್ಲಾಡ್ಸಿ."

ಬಲಚಕ್ರ ಜಗ್ಗಲಿಲ್ಲ, ಹಣ್ಣು ಕೂತೇ ಇತ್ತು. ಎಡಚಕ್ರದ ಮೇಲಿಟ್ಟು ಅಲ್ಲಾಡಿಸಿದರೆ ಚಕ್ರ ಲಟಲಟ ಅಂತು. ಹಣ್ಣು ಉರುಳಿ ಗೌಡರ ಕಾಲಿಗೇ ಬಿತ್ತು.

ಅವ್ವ ದಡಕ್ಕನೆ ಕಾರಿಳಿದರು. "ರಿಪೇರಿ ಆಗೋಗಂಟ ನಾನು ಹತ್ತಾಕಿಲ್ಲ ಕಣ್ಲಾ. ತೆಪ್ಪಗೆ ಕೂತ್ಕೋ!"

ಗೌಡರು ಹಳೇ ಟೈರಿನ ಮೇಲೆ ತೆಪ್ಪಗೆ ಕೂತರು. ಹೊಸ ಜಾಯಿಂಟ್ ಬಿತ್ತು.

ಹೊರಡುವಾಗ ಗೌಡರು ಅವನಿಗೆ ಶೆಡ್ಡಿನ ಬೀಗ ಕೊಟ್ಟರು. ಅವ್ವ ಚಕ್ರದಡಿ ಇಡಬೇಕಿದ್ದ ನಿಂಬೆಹಣ್ಣನ್ನೇ ಕೊಟ್ಟರು.